ನಾಯಿಗೊಂದು ಚೀಲ ಕಟ್ಟುತ್ತಿದ್ದ ಸಿಸ್ಟರ್

ಸಿಸ್ಟರ್ ಹೋದರಂತೆ. ಸೋಮವಾರ ಬೆಳಿಗ್ಗೆ ಮಂಗಳೂರಿನಿಂದ ಅವರ ಅಣ್ಣನ ಮಗಳು ಫೋನ್ ಮಾಡಿ ಹೇಳಿದಳು. ಕುರ್ಚಿಯಲ್ಲಿ ಕೂತಿದ್ದವರು ಕೂತಲ್ಲೇ ಹೋದರಂತೆ. ಹೋದದ್ದನ್ನು ನಂಬಿದೆ, ಅವರಿಗೂ ವಯಸ್ಸಾಗಿತ್ತು. ಕೂತಿದ್ದರು ಎನ್ನುವುದನ್ನು ಮಾತ್ರ ನಂಬಲು ಆಗಲಿಲ್ಲ. ಎಷ್ಟು ಹೊತ್ತಿನಿಂದ ಕೂತಿದ್ದರು ಎಂದು ಕೇಳಿದೆ. ಆ ಹುಡುಗಿ ಅಳುವುದು ಜಾಸ್ತಿಯಾಯಿತು. ಸೊಸೆ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

ಆವತ್ತಿನಿಂದ ನನಗೂ ಒಂದು ಕಡೆ ನಿಲ್ಲಲು ಆಗುತ್ತಿಲ್ಲ. ಮೊಮ್ಮಗಳು ರಜೆಯಲ್ಲಿ ಬಂದಾಗ ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿ ಹೋಗಿದ್ದಾಳೆ. ಒಂದೇ ಬೆರಳು. ಒಂದು ಸಾಲು ಬರೆಯುತ್ತೇನೆ, ಗೇಟಿನವರೆಗೆ ಹೋಗಿ ಬರುತ್ತೇನೆ, ಇನ್ನೊಂದು ಸಾಲು ಬರೆಯುತ್ತೇನೆ. ಹಾಗಾಗಿ ಹಿಂದಿನದು ಮುಂದೆ, ಮುಂದಿನದು ಹಿಂದೆ ಆಗಬಹುದು. ಸಿಸ್ಟರ್ ಬಗ್ಗೆ ಹೀಗೆ ಬರೆಯುವುದೇ ಸರಿ. ಅವರು ಚಹಾವನ್ನೂ ನಮ್ಮ ಅಂಗಳದಲ್ಲಿ ಸುತ್ತು ಹಾಕುತ್ತಾ ಕುಡಿಯುತ್ತಿದ್ದರು. ಮೊದಲ ಗುಟುಕು ತುಳಸಿಕಟ್ಟೆಯ ಹತ್ತಿರ, ಕೊನೆಯದು ಕೊಟ್ಟಿಗೆಯ ಹತ್ತಿರ. ಲೋಟ ಎಲ್ಲಿಟ್ಟರು ಎಂದು ನಾವು ಹುಡುಕಬೇಕಾಗಿತ್ತು.

ಮಾದಾಪುರದ ನಮ್ಮ ಕಡೆಯ ಉಪಕೇಂದ್ರಕ್ಕೆ ಅವರು ನರ್ಸಾಗಿ ಬಂದಾಗ ನಾನು ಎರಡನೆಯ ಮಗುವಿನ ಬಸುರಿ. ಮಾಕುಟ್ಟದ ಚೆಕ್‌ಪೋಸ್ಟಿನ ಆಚೆಯವರು, ಕೇರಳದ ಕಡೆ. ಮೂವತ್ತು ಚಿಲ್ಲರೆ ವರ್ಷ ಇಂಜೆಕ್ಷನ್ನಿನ ಪೆಟ್ಟಿಗೆ ಹಿಡಿದು ಎಸ್ಟೇಟಿನಿಂದ ಎಸ್ಟೇಟಿಗೆ, ಕೂಲಿಯವರ ಲೈನುಮನೆಯಿಂದ ಲೈನುಮನೆಗೆ ನಡೆದರು. ಮಾತಾಡುತ್ತಾ ಎದುರಿನವರ ಮಣಿಕಟ್ಟು ಹಿಡಿದು ನಾಡಿ ನೋಡುವುದು ಅಭ್ಯಾಸ. ಒಮ್ಮೆ ಬಸ್ಸಿನಲ್ಲಿ ಟಿಕೆಟ್ ಕೊಡಲು ಬಂದ ಕಂಡಕ್ಟರನ ಕೈಯನ್ನೂ ಹಿಡಿದುಬಿಟ್ಟಿದ್ದರು. ಅವನು ಸೋಮವಾರಪೇಟೆ ಬರುವವರೆಗೆ ನಾಚಿಕೊಂಡೇ ಇದ್ದ.

ನಿವೃತ್ತಿಯಾದ ಮೇಲೂ ಅವರ ಕಾಲು ನಿಲ್ಲಲಿಲ್ಲ. ಆದರೆ ಒಂದು ತೊಂದರೆ ಶುರುವಾಯಿತು. ಪೆಟ್ಟಿಗೆ ಕೈಯಲ್ಲಿದ್ದಾಗ ಎಲ್ಲಿಗೆ ಎಂದು ಯಾರೂ ಕೇಳಿದ್ದಿಲ್ಲ. ಈಗ ಪ್ರತಿ ತಿರುವಿನಲ್ಲೂ ಒಬ್ಬರು ಕೇಳತೊಡಗಿದರು. ಎಲ್ಲಿಗೂ ಅಲ್ಲ, ಸುಮ್ಮನೆ ಎಂದರೆ ಮುಖ ಮುಖ ನೋಡುತ್ತಿದ್ದರು. ಕೆಲಸವಿಲ್ಲದ ಹೆಂಗಸು ಗುಡ್ಡದ ದಾರಿಯಲ್ಲಿ ಯಾಕೆ ಎಂದು. ಆಗ ಅವರು ಹಳೆಯ ಲೈನುಮನೆಯ ಹಿಂದೆ ಬಿದ್ದಿದ್ದ ಒಂದು ನಾಟಿ ನಾಯಿಮರಿಯನ್ನು ತಂದು ಸಾಕಿದರು. ಕಂದು ಬಣ್ಣ, ಒಂದು ಕಿವಿ ನಿಮಿರುವುದು, ಒಂದು ಕಿವಿ ಮಡಚುವುದು. ಯಾರ ಮೈಮೇಲೆ ಗಾಯ ಕಂಡರೂ ನೆಕ್ಕಲು ಬರುತ್ತಿತ್ತು. ಎಸ್ಟೇಟ್ ಆಸ್ಪತ್ರೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವನಿಗೆ ಡ್ರೆಸ್ಸರ್ ಎನ್ನುತ್ತಾರಲ್ಲ, ಅದೇ ಹೆಸರು ಇಟ್ಟರು. ಆಮೇಲೆ ಯಾರೂ ಅವರನ್ನು ಎಲ್ಲಿಗೆ ಎಂದು ಕೇಳಲಿಲ್ಲ. ನಾಯಿ ತಿರುಗಿಸಲು ಹೊರಟಿದ್ದಾರೆ, ಅಷ್ಟೇ.

ಇದನ್ನು ನಾನು ನಮ್ಮ ಜಗಲಿಯಿಂದ ನೋಡುತ್ತಿದ್ದೆ. ನಾನು ಈ ಮನೆಗೆ ಸೊಸೆಯಾಗಿ ಬಂದು ಐವತ್ತು ವರ್ಷವಾಗಿತ್ತು. ಕಿಟಕಿ ತೆಗೆದರೆ ಕೋಟೆಬೆಟ್ಟ ಕಾಣುತ್ತದೆ. ಒಂದು ದಿನವೂ ಹತ್ತಿದವಳಲ್ಲ. ಸೌದೆ ಇದ್ದರೆ ಸೌದೆಯ ಜಾಗದವರೆಗೆ, ಕಾಫಿ ಪಿಕ್ಕಿಂಗ್ ಇದ್ದರೆ ತೋಟದ ಅಂಚಿನವರೆಗೆ. ಅದರಾಚೆಗೆ ಹೋಗಲು ನನ್ನ ಹತ್ತಿರ ಕಾರಣ ಇರಲಿಲ್ಲ. ಸಿಸ್ಟರ್ ಹತ್ತಿರ ಹಗ್ಗದ ತುದಿಯಲ್ಲಿ ನಾಲ್ಕು ಕಾಲಿನ ಕಾರಣ ಇತ್ತು. ನನಗೆ ಹೊಟ್ಟೆಕಿಚ್ಚಾಯಿತು. ಒಂದು ದಿನ ಚಪ್ಪಲಿ ಮೆಟ್ಟಿ ಅವರ ಹಿಂದೆ ಹೊರಟೇಬಿಟ್ಟೆ. ಸೊಸೆ ಎಲ್ಲಿಗೆ ಎಂದು ಕೇಳಿದಳು. ಸಿಸ್ಟರ್ ನಾಯಿ ಹಿಡಿಯಲು ಕರೆದಿದ್ದಾರೆ ಎಂದೆ. ಅವರು ಕರೆದಿರಲಿಲ್ಲ.

ನಾಯಿಯ ಜೊತೆ ನಡೆಯುವುದಕ್ಕೂ ಒಂದು ವಿದ್ಯೆ ಇದೆ ಎಂದು ಗೊತ್ತಾದದ್ದು ಆಗ. ಅವರ ಹೆಗಲಿನಲ್ಲಿ ಒಂದು ಚೀಲ ಇರುತ್ತಿತ್ತು. ಅದರಲ್ಲಿ ಅವರದು ಎಂದು ಏನೂ ಇಲ್ಲ, ಎಲ್ಲ ನಾಯಿಯದೇ. ಕುತ್ತಿಗೆಗೆ ಹಗ್ಗ ಹಾಕುತ್ತಿರಲಿಲ್ಲ. ಒಮ್ಮೆ ಹಾಗೆ ಕಟ್ಟಿದ್ದಾಗ ನಾಯಿ ತೋಟದ ಆಳದ ಚರಂಡಿಗೆ ಹಾರಿ ಅರ್ಧದಲ್ಲಿ ನೇತಾಡಿತಂತೆ. ಆಮೇಲೆ ದಪ್ಪ ಪಟ್ಟಿ ತಂದು, ಎದೆ ಮತ್ತು ಹೊಟ್ಟೆಯನ್ನು ಬಳಸುವ ಹಾಗೆ ಅವರೇ ಹೊಲಿದರು. ಹಾಕುವಾಗ ಪಟ್ಟಿಯ ಕೆಳಗೆ ಬೆರಳು ತೂರಿಸಿ ನೋಡುವರು.

"ಎರಡು ಬೆರಳು ಹೋಗ್ಬೇಕು ಅಕ್ಕಾ. ಒಂದೇ ಹೋದ್ರೆ ಚರ್ಮ ಹೋಗ್ತದೆ. ಮೂರು ಹೋದ್ರೆ ನಾಯಿಯೇ ಹೋಗ್ತದೆ."

ನೀರಿನ ಬಾಟಲಿ, ಕುಡಿಸಲು ಹಳೆಯ ಟಿಫನ್ ಡಬ್ಬಿಯ ಮುಚ್ಚಳ, ಬೇಯಿಸಿದ ಎರಡು ಮೊಟ್ಟೆ, ಜಿಗಣೆಗೆಂದು ಬಟ್ಟೆಯಲ್ಲಿ ಕಟ್ಟಿದ ಉಪ್ಪು, ಚಿಮಟಿಗೆ, ಮಡಚಿಟ್ಟ ಒಂದು ಹಳೆಯ ಸೀರೆ. ಇಷ್ಟೇ. ಆದರೆ ಈ ಇಷ್ಟಕ್ಕೆ ಬರಲು ಅವರಿಗೆ ಎರಡು ಮಳೆಗಾಲ ಹಿಡಿದಿತ್ತು. ಪ್ರತಿಸಲ ನಡೆದು ಬಂದ ಮೇಲೆ ಚೀಲವನ್ನು ಜಗಲಿಯಲ್ಲಿ ಸುರಿಯುವರು. ಬಳಸಿದ್ದು ಎಡಕ್ಕೆ, ಬಳಸದೇ ಇದ್ದದ್ದು ಬಲಕ್ಕೆ. ನಡುವೆ ಒಂದಿಷ್ಟು ಜಾಗ ಖಾಲಿ. ಬೇಕಾಗಿತ್ತು ಆದರೆ ತಂದಿರಲಿಲ್ಲ ಎನ್ನುವುದಕ್ಕೆ ಅಲ್ಲಿ ಒಂದೊಂದು ಕಲ್ಲು ಇಡುವರು. ಬಲಕ್ಕೆ ಮೂರು ಸಲ ಬಿದ್ದ ಸಾಮಾನಿಗೆ ಚೀಲದಲ್ಲಿ ಜಾಗವಿಲ್ಲ. ಟಾರ್ಚು ಹೀಗೆ ಹೋಯಿತು. ನಾಯಿಗೆ ಕಟ್ಟುವ ಗಂಟೆ ಹೀಗೆ ಹೋಯಿತು. ಸೀರೆ ಮಾತ್ರ ಎಷ್ಟು ಸಲ ಬಲಕ್ಕೆ ಬಿದ್ದರೂ ವಾಪಸು ಹೋಗುತ್ತಿತ್ತು. ಕೇಳಿದ್ದಕ್ಕೆ, ನಾಯಿ ನಡೆಯಲಾರದೆ ಬಿದ್ದರೆ ಹೊತ್ತು ತರುವುದು ಹೇಗೆ ಎಂದು ನನ್ನನ್ನೇ ಕೇಳಿದರು. ಆಮೇಲೆ ಸೀರೆಯ ಒಂದು ತುದಿ ನನ್ನ ಕೈಗೆ ಕೊಟ್ಟು, ನಡುವೆ ಡ್ರೆಸ್ಸರನನ್ನು ಮಲಗಿಸಿ, ನಮ್ಮ ಅಂಗಳದಲ್ಲಿ ಎರಡು ಸುತ್ತು ಹೊರಿಸಿದರು. ಸೊಸೆ ಒಳಗಿನಿಂದ ಓಡಿಬಂದು ಯಾರಿಗೆ ಏನಾಯಿತು ಎಂದಳು. ನಾಯಿ ಆರಾಮಾಗಿ ಬಾಲ ಆಡಿಸುತ್ತಿತ್ತು.

ಆನೆ ತಿರುಗುವ ಜಾಗದಲ್ಲಿ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಳ್ಳುವರು. ನಾಯಿಯನ್ನು ಬಿಟ್ಟರೆ ಅದು ಹೋಗಿ ಆನೆಗೆ ಬೊಗಳಿ, ಆಮೇಲೆ ಹೆದರಿ, ಆನೆಯನ್ನು ನೇರವಾಗಿ ನಮ್ಮ ಹತ್ತಿರವೇ ಕರೆದುಕೊಂಡು ಬರುತ್ತದೆ ಎಂದು ವಿವರಿಸಿದರು. ನಾನು ಹೆದರಿದ್ದನ್ನು ನೋಡಿ ನನ್ನ ನಾಡಿಯನ್ನೂ ನೋಡಿದರು.

ಇನ್ನೊಂದು ಸಲ ಡ್ರೆಸ್ಸರ್ ಎರಡು ದಿನ ಸೀನುತ್ತಲೇ ಇತ್ತು, ಮೂಗಿನಲ್ಲಿ ರಕ್ತ. ತೊರೆಯ ನೀರು ಕುಡಿಯುವಾಗ ಮೂಗಿನೊಳಗೆ ಜಿಗಣೆ ಹೊಕ್ಕಿತ್ತು. ನಾನು ಉಪ್ಪು ಊದೋಣ ಎಂದೆ. ಸಿಸ್ಟರ್ ನನ್ನನ್ನು ದೂರ ಕೂರಿಸಿದರು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾಯಿಗೆ ನೀರು ಕೊಡಲಿಲ್ಲ. ಆಮೇಲೆ ಮುಚ್ಚಳದಲ್ಲಿ ತಣ್ಣೀರು ತಂದು ಮೂಗಿನ ಕೆಳಗೆ ಹಿಡಿದು, ಕುಡಿಯಲು ಬಿಡದೆ ಸುಮ್ಮನೆ ನಿಂತರು. ಅಷ್ಟು ಹೊತ್ತು ಅವರು ಅಲುಗದೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ. ನೀರಿನ ತಂಪಿಗೆ ಜಿಗಣೆ ಮೆಲ್ಲಗೆ ತಲೆ ಹೊರಗೆ ಹಾಕಿತು. ಚಿಮಟಿಗೆಯಲ್ಲಿ ಹಿಡಿದು ಎಳೆದರು.

ಗಣೇಶನ ಹಬ್ಬದ ಹೊತ್ತಿಗೆ ಸಿಸ್ಟರ್ ಒಂದು ಸುದ್ದಿ ಹೇಳಿದರು. ಮೊಣಕಾಲು ಎರಡೂ ಸವೆದಿವೆ, ಮಂಗಳೂರಿನಲ್ಲಿ ಆಪರೇಷನ್, ಆಮೇಲೆ ಅಣ್ಣನ ಮಗಳ ಮನೆಯಲ್ಲೇ ಇರುವುದು. ನಾಲ್ಕನೆಯ ಮಹಡಿ. ಆ ಕಟ್ಟಡದಲ್ಲಿ ನಾಯಿಗೆ ಜಾಗವಿಲ್ಲ. ಸುಗ್ಗಿಯ ಪುತ್ತರಿ ಹಬ್ಬ ಕಳೆದ ಮೇಲೆ ಹೊರಡುವುದು. ಅಷ್ಟರೊಳಗೆ ಡ್ರೆಸ್ಸರನಿಗೆ ಒಂದು ಮನೆ ಆಗಬೇಕು.

ನನಗೆ ಬೇಕು ಎಂದೆ. ಅಂದ ತಕ್ಷಣ ಕೊಡುತ್ತಾರೆ ಎಂದುಕೊಂಡಿದ್ದೆ. ಅವರು ಕೊಡಲಿಲ್ಲ. ಕೆಳಗಿನ ರಸ್ತೆಯ ಹೋಂಸ್ಟೇ ಯಜಮಾನರೂ ಕೇಳಿದ್ದಾರೆ ಎಂದರು. ಅವರು ಬಂದ ಪ್ರವಾಸಿಗರನ್ನು ದಿನಾ ಬೆಟ್ಟಕ್ಕೆ ಕರೆದೊಯ್ಯುವವರು, ನಡೆಯುವ ಶಕ್ತಿ ಇದೆ, ಒಳ್ಳೆಯ ಮನುಷ್ಯ. ನನಗೆ ಅರುವತ್ತೊಂಬತ್ತು.

"ಇಬ್ಬರೂ ಒಂದೊಂದು ಭಾನುವಾರ ಇವನನ್ನ ಕೋಟೆಬೆಟ್ಟಕ್ಕೆ ಕರ್ಕೊಂಡು ಹೋಗಿ. ಚೀಲ ನೀವೇ ಕಟ್ಟಿ. ನಾನು ಹಿಂದೆ ಬರ್ತೇನೆ, ಬಾಯಿ ತೆಗೆಯೂದಿಲ್ಲ."

ಹುಡುಗಿ ನೋಡಲು ಬರುವವರಿಗೂ ಇಷ್ಟು ಪರೀಕ್ಷೆ ಇರುವುದಿಲ್ಲ ಎಂದು ನಾನು ಗೊಣಗಿದೆ. ಅವರು ಅದಕ್ಕೇ ಆ ಹುಡುಗಿಯರು ಅಳುವುದು ಎಂದರು.

ಮೊದಲ ಸರದಿ ಹೋಂಸ್ಟೇಯವರದು. ಅವರು ಫೋನಿನಲ್ಲಿ ನೋಡಿ ಎಲ್ಲ ತರಿಸಿದ್ದರು. ನಾಯಿಗೆ ಮಳೆಕೋಟು, ನಾಯಿಯೇ ಬೆನ್ನ ಮೇಲೆ ಹೊರುವ ಎರಡು ಜೇಬಿನ ಚೀಲ, ಮಡಚಿದರೆ ಅಂಗೈಯಷ್ಟಾಗುವ ರಬ್ಬರಿನ ಬಟ್ಟಲು, ನಾಲ್ಕು ಕಾಲಿಗೆ ನಾಲ್ಕು ಶೂ. ಶೂ ಹಾಕಿದ ಮೇಲೆ ಡ್ರೆಸ್ಸರ್ ಮೊದಲು ಅಲುಗಲೇ ಇಲ್ಲ. ಆಮೇಲೆ ಒಂದೊಂದೇ ಕಾಲನ್ನು ಎತ್ತರಕ್ಕೆ ಎತ್ತಿ ಇಡುತ್ತಾ, ಮದುವೆಮನೆಗೆ ಹೊಸ ಚಪ್ಪಲಿಯಲ್ಲಿ ಬಂದವರ ಹಾಗೆ ನಡೆಯಿತು. ನಾನು ಗೇಟಿನ ಹಿಂದೆ ನಿಂತು ಸೆರಗು ಬಾಯಿಗೆ ತುರುಕಿಕೊಂಡೆ. ಸಂಜೆ ಅವರು ಬಂದ ಮೇಲೆ ಚೀಲ ಸುರಿಯುವುದನ್ನು ನೋಡಲು ಹೋದೆ. ಮಳೆಕೋಟು ಬಲಕ್ಕೆ ಬಿತ್ತು, ನನಗೆ ಖುಷಿಯಾಯಿತು. ರಬ್ಬರ್ ಬಟ್ಟಲು ಎಡಕ್ಕೆ ಬಿತ್ತು. ಸಿಸ್ಟರ್ ಅದನ್ನು ಮಡಚಿ ಬಿಡಿಸಿ ನೋಡಿ, ಇದು ಮುಚ್ಚಳಕ್ಕಿಂತ ಒಳ್ಳೆಯದು ಎಂದರು. ಆ ಒಂದು ಮಾತು ನನ್ನ ಎದೆಯಲ್ಲಿ ಕೂತಿತು. ನಾಯಿ ಕೈತಪ್ಪಿತು ಎಂದುಕೊಂಡೆ. ಹೋಂಸ್ಟೇಯವರ ಮೈಮೇಲೆ ಮಾತ್ರ ಅವತ್ತು ಜಿಗಣೆ ಕಚ್ಚಿದ ಹನ್ನೆರಡು ಗುರುತು ಇದ್ದವು, ನಾಯಿಯ ಮೈಮೇಲೆ ಏಳು. ಎಣಿಸಿದವಳು ನಾನೇ.

ನನ್ನ ನಾಯಿಗೆ ಒಂದೂ ಇರಬಾರದು ಎಂದು ತೀರ್ಮಾನ ಮಾಡಿದೆ.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಮಳೆಯಲ್ಲಿ ತೋಟಕ್ಕೆ ಇಳಿಯುವ ಹೆಂಗಸರು ಹೊಗೆಸೊಪ್ಪನ್ನು ನೀರಿನಲ್ಲಿ ಕಿವುಚಿ, ಬಟ್ಟೆ ಸೋಪಿನ ಜೊತೆ ಕಲಸಿ ಕಾಲಿಗೆ ಹಚ್ಚಿಕೊಳ್ಳುತ್ತಾರೆ. ಜಿಗಣೆ ಹತ್ತಿರ ಸುಳಿಯುವುದಿಲ್ಲ. ನನ್ನ ಅತ್ತೆ ಹಚ್ಚಿಕೊಂಡರು, ನಾನು ಹಚ್ಚಿಕೊಂಡೆ. ಹೊಗೆಸೊಪ್ಪು ಯಾವಾಗಲೂ ನನ್ನ ಎಲೆಅಡಿಕೆ ಸಂಚಿಯಲ್ಲಿ ಇರುತ್ತಿತ್ತು. ದಿನಕ್ಕೆ ಆರು ಸಲ ನಾನೇ ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ನನಗೆ ಏನಾಗಿತ್ತು? ಆ ಭಾನುವಾರ ಬೆಳಿಗ್ಗೆ ಡ್ರೆಸ್ಸರನನ್ನು ಕರೆತರಲು ಸಿಸ್ಟರ್ ಮನೆಗೆ ಹೋದೆ. ಅವರು ಒಳಗೆ ಮೊಣಕಾಲಿಗೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ನಾನು ಹಿತ್ತಿಲಿನಲ್ಲಿ ನಾಯಿಯ ನಾಲ್ಕು ಕಾಲಿಗೂ ಹೊಟ್ಟೆಗೂ ಗಟ್ಟಿಯಾಗಿ ಬಳಿದೆ. ಹೇಳಲಿಲ್ಲ. ಸಂಜೆ ಅವರು ಹುಡುಕಿ ಹುಡುಕಿ ಒಂದು ಜಿಗಣೆಯೂ ಸಿಗದೆ ನನ್ನ ಮುಖ ನೋಡಬೇಕು, ಆಗ ಹೇಳೋಣ ಎಂದಿದ್ದೆ. ವಾಸನೆ ಅವರಿಗೆ ಹೊಸದಾಗಿರಲಿಲ್ಲ, ನಮ್ಮೆಲ್ಲರ ಕಾಲೂ ಅದೇ ವಾಸನೆ.

ಬೆಟ್ಟದ ಬುಡದವರೆಗೆ ನಾನು ರಾಣಿಯ ಹಾಗೆ ನಡೆದೆ. ಎರಡು ಸಲ ನಿಂತು ನೋಡಿದೆ, ಒಂದೂ ಜಿಗಣೆ ಇಲ್ಲ. ನಾಯಿ ಮಾತ್ರ ನಿಂತಲ್ಲೆಲ್ಲ ಕಾಲು ನೆಕ್ಕಿಕೊಳ್ಳುತ್ತಿತ್ತು. ಕೊನೆಯ ಮನೆ ದಾಟಿ ಹುಲ್ಲಿನ ಏರು ಶುರುವಾಗುವಲ್ಲಿ ಅದರ ಬಾಯಿಂದ ಜೊಲ್ಲು ಸುರಿಯತೊಡಗಿತು. ಆಮೇಲೆ ಕಕ್ಕಿತು. ಆಮೇಲೆ ಹಿಂಗಾಲು ಎರಡೂ ತಮ್ಮಷ್ಟಕ್ಕೆ ನಡುಗಿ, ಕುಡಿದವರ ಹಾಗೆ ಪಕ್ಕಕ್ಕೆ ವಾಲಿತು.

ಸಿಸ್ಟರ್ ಮಾತು ಆಡುವುದಿಲ್ಲ ಎಂದಿದ್ದವರು ಹಿಂದಿನಿಂದ ಬಂದು ಮಂಡಿಯೂರಿದರು. ಕಣ್ಣಿನ ರೆಪ್ಪೆ ಎತ್ತಿ ನೋಡಿದರು, ತೊಡೆಯ ಸಂದಿಯಲ್ಲಿ ನಾಡಿ ಹಿಡಿದರು. ಏನು ತಿಂತು ಎಂದು ಕೇಳಿದರು.

"ಗೊತ್ತಿಲ್ಲ ಸಿಸ್ಟರೇ" ಎಂದೆ.

ಗೊತ್ತಿತ್ತು. ಅವರು ಕೇಳಿದ ಕ್ಷಣಕ್ಕೇ ಗೊತ್ತಾಯಿತು. ಹೇಳಿದರೆ ನಾಯಿ ನನಗೆ ಸಿಗುವುದಿಲ್ಲ ಎನ್ನುವುದೂ ಗೊತ್ತಾಯಿತು. ನನ್ನ ಬಾಯಲ್ಲಿ ಆಗಲೂ ಎಲೆಅಡಿಕೆ ಇತ್ತು. ಅದನ್ನು ಇನ್ನೊಂದು ಕೆನ್ನೆಗೆ ಸರಿಸಿದೆ, ಅಷ್ಟೇ. ಸಿಸ್ಟರ್ ಎದ್ದು ನಿಂತು ಬಂದ ದಾರಿಯನ್ನು ನೋಡಿದರು. ಹಿಂದಿನ ತೋಟದ ಬೇಲಿಯ ಹತ್ತಿರ ನಾಯಿ ಏನನ್ನೋ ಮೂಸಿತ್ತು. ಹಂದಿಗೆಂದು ಯಾರೋ ವಿಷ ಇಟ್ಟಿರಬೇಕು, ಅದೇನು ಎಂದು ತಿಳಿಯದೆ ಡಾಕ್ಟರ್ ಔಷಧಿ ಹೇಗೆ ಕೊಡುತ್ತಾರೆ, ತಾನು ಹೋಗಿ ಹುಡುಕಿ ತರುತ್ತೇನೆ, ನಾಯಿಯ ಹತ್ತಿರ ಇರಿ ಎಂದರು. ಆ ಬೇಲಿ ಅರ್ಧ ಮೈಲಿ ಹಿಂದೆ. ಸವೆದ ಮೊಣಕಾಲಿನಲ್ಲಿ ಅವರು ಕೆಸರಿನಲ್ಲಿ ಜಾರುತ್ತಾ ಇಳಿಯತೊಡಗಿದರು. ಹತ್ತು ಹೆಜ್ಜೆ ಹೋದರು. ಇಪ್ಪತ್ತು ಹೋದರು. ಇಲ್ಲದ ವಿಷವನ್ನು ಹುಡುಕಲು. ನಾಯಿ ನನ್ನ ಪಾದದ ಮೇಲೆ ತಲೆ ಇಟ್ಟು ಮತ್ತೆ ಕಾಲು ನೆಕ್ಕಲು ನೋಡುತ್ತಿತ್ತು. ನಾನು ಬಾಯಲ್ಲಿದ್ದದ್ದನ್ನು ಉಗಿದೆ.

"ಸಿಸ್ಟರೇ, ಹೋಗ್ಬೇಡಿ. ಹೊಗೆಸೊಪ್ಪು. ನಾನೇ ಹಚ್ಚಿದ್ದು, ಕಾಲಿಗೆ, ಹೊಟ್ಟೆಗೆ, ಎಲ್ಲಾ ಕಡೆ."

ಅವರು ತಿರುಗಿ ಬಂದರು. ನನ್ನನ್ನು ನೋಡಲಿಲ್ಲ. ನಾಯಿಯನ್ನು ಎತ್ತಿ ಪಕ್ಕದ ತೊರೆಯಲ್ಲಿ ಇಳಿಸಿದರು. ನನ್ನ ಸೆರಗನ್ನೇ ಎಳೆದು ನೆನೆಸಿ, ಕಾಲು, ಹೊಟ್ಟೆ, ಬಾಯಿಯ ಒಳಗೆ, ನಾಲಿಗೆ ಎಲ್ಲ ಉಜ್ಜಿ ಉಜ್ಜಿ ತೊಳೆದರು. ತೊರೆಯ ನೀರು ತುಸು ಹೊತ್ತು ಕಂದಾಗಿ ಹರಿಯಿತು. ಆಮೇಲೆ ಸೀರೆ ಬಿಡಿಸಿ ಒಂದು ತುದಿ ನನ್ನತ್ತ ಎಸೆದರು. ಅಂಗಳದಲ್ಲಿ ಹೊತ್ತದ್ದು ಎರಡು ಸುತ್ತು. ಇಲ್ಲಿ ಮುಖ್ಯರಸ್ತೆಯವರೆಗೆ ಎರಡು ಮೈಲಿ. ಅವರಿಗೆ ಮೊಣಕಾಲು ಇಲ್ಲ, ನನಗೆ ಉಸಿರಿಲ್ಲ. ಸೀರೆಯ ನಡುವೆ ನಾಯಿ ನಡುಗುವುದು ನನ್ನ ಅಂಗೈಗೆ ತಿಳಿಯುತ್ತಿತ್ತು. ನಡುಗುವುದು ನಿಂತಾಗಲೆಲ್ಲ ನಾನೂ ನಿಲ್ಲುತ್ತಿದ್ದೆ. ಸಿಸ್ಟರ್ ಹಿಂತಿರುಗದೆ ಎಳೆಯುತ್ತಿದ್ದರು.

ಒಂದು ಜೀಪು ಸಿಕ್ಕಿತು. ಸೋಮವಾರಪೇಟೆಯಲ್ಲಿ ದನದ ಡಾಕ್ಟರನ್ನು ಮನೆಯಿಂದ ಎಬ್ಬಿಸಿ ತಂದೆವು. ಅವರು ಡ್ರಿಪ್ ಹಾಕಿದರು. ಇನ್ನೂ ಸ್ವಲ್ಪ ನೆಕ್ಕಿದ್ದರೆ ತನ್ನ ಹತ್ತಿರ ತರುವ ಅಗತ್ಯ ಇರಲಿಲ್ಲ ಎಂದರು. ತೊಳೆದವರು ಯಾರು ಎಂದು ಕೇಳಿದರು. ಸಿಸ್ಟರ್ ಆಗಲೇ ಹೊರಗೆ ಅಂಗಳ ಸುತ್ತುತ್ತಿದ್ದರು. ನಾಯಿ ಬದುಕಿತು.

ಆಮೇಲೆ ಒಂಬತ್ತು ದಿನ ಅವರು ನನ್ನ ಹತ್ತಿರ ಮಾತಾಡಲಿಲ್ಲ. ದಾರಿಯಲ್ಲಿ ಹೋಗುವಾಗ ನಮ್ಮ ಗೇಟಿನ ಕಡೆಗೆ ಮುಖವನ್ನೂ ತಿರುಗಿಸಲಿಲ್ಲ. ನಾನು ಬೇಯಿಸಿದ ಮೊಟ್ಟೆ ಕಳಿಸಿದೆ, ಪಾತ್ರೆ ತೊಳೆದು ವಾಪಸು ಬಂತು, ಮೊಟ್ಟೆಯ ಸಮೇತ. ಹೋಂಸ್ಟೇಯವರು ನಾಯಿಗೆ ಗೂಡು ಕಟ್ಟಿಸುತ್ತಿದ್ದಾರೆ ಎಂದು ಸೊಸೆ ಹೇಳಿದಳು. ನನಗೆ ಊಟ ಸೇರುತ್ತಿರಲಿಲ್ಲ. ನಾಯಿ ಹೋದದ್ದಕ್ಕೆ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಆ ಇಪ್ಪತ್ತು ಹೆಜ್ಜೆ. ಕೆಸರಿನಲ್ಲಿ ಜಾರುತ್ತಾ ಇಳಿದ ಆ ಬೆನ್ನು. ಇಪ್ಪತ್ತರ ಬದಲು ಹತ್ತಕ್ಕೇ ಹೇಳಬಹುದಿತ್ತು. ಒಂದಕ್ಕೇ ಹೇಳಬಹುದಿತ್ತು.

ಪುತ್ತರಿ ಕಳೆದ ವಾರ, ಬೆಳಿಗ್ಗೆ, ಮಂಗಳೂರಿಗೆ ಹೋಗುವ ಜೀಪು ನಮ್ಮ ಗೇಟಿನ ಮುಂದೆ ನಿಂತಿತು. ಸಿಸ್ಟರ್ ಇಳಿದರು, ಹಿಂದೆ ಡ್ರೆಸ್ಸರ್ ಇಳಿಯಿತು. ಕೂರಿ ಎಂದೆ. ಅವರು ಕೂರುವವರೇ? ತುಳಸಿಕಟ್ಟೆಗೆ ಒಂದು ಸುತ್ತು ಹಾಕಿ ಬಂದು ನನ್ನೆದುರು ನಿಂತರು.

"ಹೋಂಸ್ಟೇಯವರ ಭಾನುವಾರ ಮೂರು ಶೂ ಕೆಸರಾಗಿತ್ತು ಅಕ್ಕಾ, ಒಂದು ಮಾತ್ರ ತೊಳೆದದ್ದು. ಆ ಕಾಲು ನೋಡಿದ್ರೆ ಶೂ ಉಜ್ಜಿ ಬೆರಳ ಸಂದಲ್ಲಿ ರಕ್ತ. ಕೇಳಿದೆ. ಏನೂ ಆಗ್ಲಿಲ್ಲ ಅಂದ್ರು. ಈಗಲೂ ಅದನ್ನೇ ಹೇಳ್ತಾರೆ."

"ನಾನು ಸಾಯಿಸ್ತಾ ಇದ್ದೆ ಸಿಸ್ಟರೇ."

"ಹೌದು. ಮತ್ತೆ ಸುಳ್ಳೂ ಹೇಳಿದ್ರಿ. ಆದ್ರೆ ನಿಮ್ಮ ಬಾಯಲ್ಲಿ ಅದು ನಿಲ್ಲೂದಿಲ್ಲ. ಇವನಿಗೆ ಮಾತು ಬರೂದಿಲ್ಲ. ಇವನಿಗೆ ಏನಾಯ್ತು ಅಂತ ಹೇಳುವವರು ಬೇಕು, ನನಗೆ ಅಷ್ಟು ಸಾಕು."

ಕೈ ಚಾಚಿದರು. ನಾನು ನಾಡಿ ನೋಡಲು ಎಂದು ಮಣಿಕಟ್ಟು ಕೊಟ್ಟೆ. ಅದು ಅಲ್ಲ ಎಂದು ತಲೆಯಾಡಿಸಿ, ಸೊಂಟಕ್ಕೆ ಸಿಕ್ಕಿಸಿದ್ದ ನನ್ನ ಎಲೆಅಡಿಕೆ ಸಂಚಿಯನ್ನು ಎಳೆದುಕೊಂಡರು. ಇದು ಮಂಗಳೂರಿಗೆ ಬರುತ್ತದೆ, ನಾಯಿ ಇರುವ ಮನೆಯಲ್ಲಿ ಇದಕ್ಕೆ ಜಾಗವಿಲ್ಲ ಎಂದರು. ಐವತ್ತು ವರ್ಷದ ಸಂಚಿ. ಸೊಸೆ ಬಾಗಿಲಲ್ಲಿ ನಿಂತು ನಗು ತಡೆಯುತ್ತಿದ್ದಳು. ಅವಳು ಹತ್ತು ವರ್ಷ ಹೇಳಿದರೂ ನಾನು ಬಿಟ್ಟಿರಲಿಲ್ಲ. ಇನ್ನೊಂದು ಕೈಯಲ್ಲಿ ಸಿಸ್ಟರ್ ಹಗ್ಗದ ತುದಿಯನ್ನು ನನಗೆ ಕೊಟ್ಟರು.

ನಾಯಿಯ ತಲೆ ಸವರಲಿಲ್ಲ. ಅದರ ಕಡೆ ನೋಡಲೂ ಇಲ್ಲ. ಜೀಪು ಹತ್ತಿ ಡ್ರೈವರನಿಗೆ ಹೊರಡು ಎಂದರು. ಸೀಟಿನಲ್ಲಿ ಅವರ ಬೆನ್ನು ಆ ಕಡೆ ಈ ಕಡೆ ಆಡುತ್ತಿದ್ದದ್ದು ತಿರುವಿನವರೆಗೆ ಕಾಣಿಸಿತು.

ಡ್ರೆಸ್ಸರ್ ಜೀಪಿನ ಹಿಂದೆ ಓಡಬಹುದೆಂದು ನಾನು ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡೆ. ಅದು ಎಳೆಯಿತು, ಆದರೆ ಆ ಕಡೆಗಲ್ಲ. ಅದರ ನಡೆಯುವ ಹೊತ್ತಾಗಿತ್ತು. ಗುಡ್ಡದ ಕಡೆಗೆ ಎಳೆಯಿತು. ಹೋದೆ. ತೋಟದ ಅಂಚು ದಾಟಿತು, ಸೌದೆಯ ಜಾಗ ದಾಟಿತು. ದಾರಿಯಲ್ಲಿ ಇಬ್ಬರು ಸಿಕ್ಕಿದರು, ನಾಯಿಯನ್ನು ನೋಡಿ ಪಕ್ಕಕ್ಕೆ ಸರಿದರು, ಎಲ್ಲಿಗೆ ಎಂದು ಕೇಳಲಿಲ್ಲ. ಒಂದು ಮೈಲಿ ಆದ ಮೇಲೆ ನನಗೆ ನೆನಪಾಯಿತು. ನೀರು ತಂದಿಲ್ಲ, ಉಪ್ಪು ತಂದಿಲ್ಲ, ಕಾಲಿನಲ್ಲಿ ಮನೆಯೊಳಗಿನ ಹವಾಯಿ ಚಪ್ಪಲಿ. ಬಾಯಿ ಖಾಲಿ. ಕೈಯಲ್ಲಿ ಹಗ್ಗ ಬಿಟ್ಟರೆ ಒಂದು ಕಡ್ಡಿಯೂ ಇಲ್ಲ.

ನಾನು ನಿಂತೆ. ನಾಯಿ ನಿಲ್ಲಲಿಲ್ಲ.